ವಿಮಾನ ಹತ್ತದೆ ಮನಿಲಾದಿಂದ ಸೆಬುವಿಗೆ: ಬಸ್ಸು, ವ್ಯಾನು ಮತ್ತು ಹಡಗಿನ ಸಮಗ್ರ ಮಾರ್ಗದರ್ಶಿ

ಫಿಲಿಪ್ಪೀನ್ಸ್‌ನ ನಕ್ಷೆಯನ್ನು ಮೊದಲ ಬಾರಿ ಹರಡಿಕೊಂಡು ಕುಳಿತವರಿಗೆ ಈ ದೇಶದಲ್ಲಿ ವಿಮಾನವಿಲ್ಲದೆ ಓಡಾಡುವುದು ಆಗದ ಕೆಲಸ ಎನ್ನಿಸುವುದು ಸಹಜ. 7,641 ದ್ವೀಪಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ, ನಡುವೆ ಹತ್ತಾರು ಜಲಸಂಧಿಗಳಿವೆ, ರೈಲು ಎಂಬುದು ಲೂಸಾನ್ ದ್ವೀಪವನ್ನು ಬಿಟ್ಟು ಹೊರಗೆ ಇಲ್ಲವೇ ಇಲ್ಲ. ಆದರೂ ಅಲ್ಲಿನ ಸಾಮಾನ್ಯ ಜನ ಊರಿಗೆ ಹೋಗುವಾಗ, ಅಕ್ಕಿ ಮೂಟೆ ಸಾಗಿಸುವಾಗ, ಮಕ್ಕಳನ್ನು ಕಾಲೇಜಿಗೆ ಬಿಡುವಾಗ ಬಳಸುವ ದಾರಿ ಒಂದಿದೆ. ಬಸ್ಸು ದ್ವೀಪದ ಅಂಚಿನವರೆಗೆ ಬರುತ್ತದೆ, ಹಡಗು ಹತ್ತುತ್ತದೆ, ಆಚೆ ದಡದಲ್ಲಿ ಇಳಿದು ಮತ್ತೆ ಓಡುತ್ತದೆ. ಬಸ್ಸು ಹಡಗು ಹತ್ತದ ಕಡೆ ನಾವೇ ಇಳಿದು, ಚೀಲ ಹೊತ್ತು, ಹಡಗಿನಲ್ಲಿ ದಾಟಿ, ಆಚೆ ಕಾದಿರುವ ವ್ಯಾನು ಹಿಡಿಯಬೇಕು.

ಈ ವ್ಯವಸ್ಥೆಗೆ ಈಗಿನ ರೂಪ ಬಂದದ್ದು 2003ರಲ್ಲಿ. ಗ್ಲೋರಿಯಾ ಮಕಪಗಲ್ ಅರೋಯೊ ಅಧ್ಯಕ್ಷರಾಗಿದ್ದಾಗ, ವಾಹನಗಳು ತಾವೇ ಹತ್ತಿ ತಾವೇ ಇಳಿಯುವ ಹಡಗುಗಳಿಗೆ ಉತ್ತೇಜನ ನೀಡುವ ಆದೇಶ ಹೊರಬಿದ್ದಿತು, ರಸ್ತೆಗಳನ್ನೂ ಹಡಗು ಮಾರ್ಗಗಳನ್ನೂ ಪೋಣಿಸಿ ಅದಕ್ಕೆ ನಾಟಿಕಲ್ ಹೈವೇ ಎಂದು ಹೆಸರಿಡಲಾಯಿತು. ಸರಕನ್ನು ಇಳಿಸಿ ಹತ್ತಿಸುವ ಕೂಲಿಯೂ ಬಂದರಿನ ಕೆಲವು ಶುಲ್ಕಗಳೂ ತಪ್ಪಿದ್ದರಿಂದ ಲಾರಿ ಮತ್ತು ಬಸ್ಸಿನವರು ಈ ದಾರಿಗೆ ಒಲಿದರು. ಅಂಥ ಹಡಗನ್ನು ಅಲ್ಲಿ ಎಲ್ಲರೂ ‘ರೋರೋ’ ಎನ್ನುತ್ತಾರೆ. ಬಂದರಿನ ಬಾಗಿಲಲ್ಲಿ ಅಷ್ಟೊಂದೇ ಪದ ಹೇಳಿದರೂ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಕೈ ತೋರಿಸುತ್ತಾರೆ.

ಮೊದಲು ಹಡಗು, ಆಮೇಲೆ ಬಸ್ಸು

ಯೋಜನೆ ಹಾಕುವಾಗ ಹೆಚ್ಚಿನವರು ಮಾಡುವ ತಪ್ಪು, ಹೊರಡುವ ಊರಿನಿಂದ ಲೆಕ್ಕ ಶುರು ಮಾಡುವುದು. ಬೆಳಗ್ಗೆ ಏಳಕ್ಕೆ ಬಸ್ಸು, ಮಧ್ಯಾಹ್ನಕ್ಕೆ ಬಂದರು, ಸಂಜೆಗೆ ಆಚೆ ದಡ ಎಂದು ಕಾಗದದ ಮೇಲೆ ಬರೆದುಕೊಂಡರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಸ್ಸು ತಪ್ಪಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬರುತ್ತದೆ. ಹಡಗು ತಪ್ಪಿದರೆ ಆರು ಗಂಟೆ ಕಾಯಬೇಕಾಗಬಹುದು, ಅದು ದಿನದ ಕೊನೆಯ ಹಡಗಾಗಿದ್ದರೆ ರಾತ್ರಿಯಿಡೀ ಬಂದರಿನ ಪ್ಲಾಸ್ಟಿಕ್ ಕುರ್ಚಿಯೇ ಹಾಸಿಗೆ. ಆದ್ದರಿಂದ ಪ್ರತಿ ಸಮುದ್ರ ದಾಟುವಿಕೆಯನ್ನು ಗೂಟದಂತೆ ನೆಟ್ಟುಕೊಂಡು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು: ಹಡಗು ಬಿಡುವುದು ಎಷ್ಟು ಗಂಟೆಗೆ, ಟಿಕೆಟ್ ಕಿಟಕಿ ಮುಚ್ಚುವುದು ಎಷ್ಟಕ್ಕೆ, ಅದಕ್ಕೆ ಎರಡು ಗಂಟೆ ಮೊದಲು ಬಂದರು ತಲುಪಲು ಯಾವ ವ್ಯಾನು ಹಿಡಿಯಬೇಕು ಎಂದು.

ಇದರಿಂದಲೇ ಹುಟ್ಟುವ ಇನ್ನೊಂದು ನಿಯಮವನ್ನು ನಾನು ಒಂದೆರಡು ಸಲ ಪೆಟ್ಟು ತಿಂದ ಮೇಲೆ ಬಿಡದೆ ಪಾಲಿಸುತ್ತೇನೆ. ದೊಡ್ಡ ದಾಟುವಿಕೆ ಇರುವ ಹಿಂದಿನ ರಾತ್ರಿ, ಹಡಗು ಹೊರಡುವ ಊರಿನಲ್ಲೇ ತಂಗಿ, ಬೆಳಗಿನ ಹಡಗು ಹಿಡಿಯುವುದು. ಬೆಳಗಿನ ಹೊತ್ತು ಸಮುದ್ರ ಸಾಮಾನ್ಯವಾಗಿ ಮಧ್ಯಾಹ್ನಕ್ಕಿಂತ ಶಾಂತವಾಗಿರುತ್ತದೆ, ಹಡಗು ತಡವಾದರೂ ಹಗಲಿನಲ್ಲೇ ಆಚೆ ದಡ ಸಿಗುತ್ತದೆ, ಹಗಲಿನಲ್ಲಿ ಇಳಿದವನಿಗೆ ಮುಂದಿನ ವ್ಯಾನು ಗ್ಯಾರಂಟಿ. ರಾತ್ರಿ ಎರಡಕ್ಕೆ ಚಿಕ್ಕ ಬಂದರಿನಲ್ಲಿ ಇಳಿದವನಿಗೆ ಮುಚ್ಚಿದ ಅಂಗಡಿಗಳು ಮತ್ತು ದರ ಏರಿಸಿ ಕೂತ ಒಬ್ಬಿಬ್ಬರು ಟ್ರೈಸಿಕಲ್‌ ಚಾಲಕರು ಮಾತ್ರ ಸಿಗುತ್ತಾರೆ.

ದಾರಿಯ ಆಯ್ಕೆ

ಉತ್ತರದಿಂದ ದಕ್ಷಿಣಕ್ಕೆ ಮೂರು ಸರಣಿಗಳಿವೆ. ಪೂರ್ವದ ದಾರಿ ಮನಿಲಾದಿಂದ ಲೂಸಾನಿನ ತುದಿಯಾದ ಮಟ್ನೊಗ್‌ವರೆಗೆ ರಸ್ತೆಯಲ್ಲೇ ಹೋಗಿ, ಸ್ಯಾನ್ ಬೆರ್ನಾರ್ಡಿನೊ ಜಲಸಂಧಿಯನ್ನು ದಾಟಿ ಸಮಾರ್ ದ್ವೀಪದ ಆಲೆನ್‌ಗೆ ಮುಟ್ಟುತ್ತದೆ. ಅಲ್ಲಿಂದ ಪಕ್ಕದ ಲೇಟೆ ದ್ವೀಪಕ್ಕೆ ಸಮುದ್ರ ದಾಟುವ ಅಗತ್ಯವಿಲ್ಲ, ಏಕೆಂದರೆ 1973ರಲ್ಲಿ ಕಟ್ಟಿ ಮುಗಿಸಿದ ಎರಡು ಕಿಲೋಮೀಟರಿಗೂ ಉದ್ದದ ಸ್ಯಾನ್ ಹುವಾನಿಕೊ ಸೇತುವೆ ಇದೆ. ಲೇಟೆಯ ದಕ್ಷಿಣ ತುದಿಯಿಂದ ಮತ್ತೆ ಹಡಗಿನಲ್ಲಿ ಮಿಂಡನಾವ್ ದ್ವೀಪದ ಸುರಿಗಾವ್ ತಲುಪಬಹುದು. ಮನಿಲಾದಿಂದ ದಾವಾವ್‌ಗೆ ಹೋಗುವ ನೇರ ಬಸ್ಸುಗಳು ಇದೇ ದಾರಿ ಹಿಡಿದು ಸುಮಾರು ಎರಡು ದಿನ ಓಡುತ್ತವೆ. ಆದರೆ 2025ರ ಮೇ ತಿಂಗಳಲ್ಲಿ ಆ ಸೇತುವೆಯ ಮೇಲೆ 3 ಟನ್ನಿನ ಮಿತಿ ಹೇರಿದಾಗ ಬಸ್ಸುಗಳೆಲ್ಲ ದಡದಲ್ಲೇ ನಿಂತು, ಪ್ರಯಾಣಿಕರು ಚಿಕ್ಕ ವಾಹನಗಳಲ್ಲಿ ಆಚೆ ಹೋಗಬೇಕಾಯಿತು. ಈ ದಾರಿ ಹಿಡಿಯುವವರು ಸೇತುವೆಯ ಆ ಹೊತ್ತಿನ ಸ್ಥಿತಿಯನ್ನು ವಿಚಾರಿಸಿಯೇ ಹೊರಡಬೇಕು.

ನಡುವಿನ ದಾರಿ ಮಾಸ್ಬಾತೆ ದ್ವೀಪದ ಮೂಲಕ ಸೆಬುವಿಗೆ ಬರುತ್ತದೆ. ಹಡಗುಗಳು ಕಡಿಮೆ, ತಾಳ್ಮೆ ಹೆಚ್ಚು ಬೇಕು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಪಶ್ಚಿಮದ ದಾರಿಯನ್ನು. ಮನಿಲಾ, ಬಟಾಂಗಾಸ್, ಮಿಂಡೊರೊ, ಪನಾಯ್, ನೆಗ್ರೋಸ್, ಸೆಬು ಎಂಬ ಈ ಸರಣಿಯಲ್ಲಿ ನಾಲ್ಕು ಸಲ ಸಮುದ್ರ ದಾಟಬೇಕು, ಯಾವ ದಾಟುವಿಕೆಯೂ ಅತಿ ದೀರ್ಘವಲ್ಲ, ಪ್ರತಿಯೊಂದು ದಡದಲ್ಲೂ ಬಸ್ಸು ಅಥವಾ ವ್ಯಾನು ಕಾದಿರುತ್ತದೆ. ಮನಿಲಾದಿಂದ ಸೆಬುವಿಗೆ ನೇರ ದೊಡ್ಡ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ದಿನದಲ್ಲಿ ಹೋಗಿಬಿಡಬಹುದು ಎಂಬುದೂ ನಿಜ. ಅವಸರವಿದ್ದವರಿಗೆ ಅದೇ ಸರಿ. ಈ ಬರಹದ ದಾರಿಗೆ ಆರು ದಿನ ಪ್ರಯಾಣಕ್ಕೆ, ಎರಡು ದಿನ ಗಾಳಿಮಳೆಗೆ ಎಂದು ಎಂಟು ದಿನ ಇಟ್ಟುಕೊಳ್ಳಿ.

ಆ ಎರಡು ದಿನವನ್ನು ಕಡೆಗಣಿಸಬೇಡಿ. 2025ರ ಜೂನ್‌ನಿಂದ ಭಾರತೀಯ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ 14 ದಿನಗಳ ವೀಸಾರಹಿತ ಪ್ರವೇಶ ದೊರೆಯುತ್ತಿದೆ, ಆದರೆ ಆ ಅವಧಿಯನ್ನು ಅಲ್ಲಿಗೆ ಹೋದ ಮೇಲೆ ವಿಸ್ತರಿಸಲು ಬರುವುದಿಲ್ಲ. ಹನ್ನೆರಡನೆಯ ದಿನ ಯಾವುದೋ ದ್ವೀಪದಲ್ಲಿ ಹಡಗು ನಿಂತುಹೋದರೆ ಬಿಸಿ ತಟ್ಟುವುದು ನಮಗೇ. ಹೊರಡುವ ಮುನ್ನ ನಿಯಮವನ್ನು ಮತ್ತೊಮ್ಮೆ ರಾಯಭಾರ ಕಚೇರಿಯ ಪ್ರಕಟಣೆಯಲ್ಲಿ ಓದಿ, ಮನಿಲಾ ತಲುಪುವ ಮುಂಚಿನ 72 ಗಂಟೆಯೊಳಗೆ ಇ-ಟ್ರಾವೆಲ್ ಎಂಬ ಆನ್‌ಲೈನ್ ಪ್ರವೇಶ ನೋಂದಣಿ ಮುಗಿಸಿಕೊಳ್ಳಿ.

ಕಾಗದ, ಚಿಲ್ಲರೆ ಮತ್ತು ಚೀಲ

ಪ್ರತಿ ಹಡಗಿನ ಟಿಕೆಟ್‌ಗೂ ಗುರುತಿನ ದಾಖಲೆ ಬೇಕು. ಪ್ರಯಾಣಿಕರ ಹೆಸರು, ವಯಸ್ಸು, ಲಿಂಗ, ವಿಳಾಸ, ಫೋನ್ ಸಂಖ್ಯೆಗಳನ್ನು ಮ್ಯಾನಿಫೆಸ್ಟ್ ಎಂಬ ಪಟ್ಟಿಗೆ ಸೇರಿಸದೆ ಹಡಗು ಬಿಡುವಂತಿಲ್ಲ. ಇದನ್ನು ಬರಿಯ ಕಚೇರಿ ಕಿರಿಕಿರಿ ಎಂದು ಭಾವಿಸುವವರು 1987ರ ಡಿಸೆಂಬರ್ 20ರ ರಾತ್ರಿಯನ್ನು ನೆನೆಯಬೇಕು. ಅಂದು ಡೋನ್ಯಾ ಪಾಜ್ ಎಂಬ ಪ್ರಯಾಣಿಕ ಹಡಗು ಮಿಂಡೊರೊ ಬಳಿ ತೈಲದ ಹಡಗಿಗೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಸುಮಾರು 1,500 ಜನರಿಗೆ ಮಾತ್ರ ಅನುಮತಿಯಿದ್ದ ಆ ಹಡಗಿನಲ್ಲಿ ಸತ್ತವರು 4,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ನಿಮ್ಮ ಹೆಸರನ್ನು ಸ್ಪಷ್ಟವಾಗಿ, ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ.

ಹಣ ನಗದಾಗಿಯೇ ಇರಲಿ. ಪಟ್ಟಣಗಳಲ್ಲಿ ಫೋನಿನ ವಾಲೆಟ್ ನಡೆಯುತ್ತದೆ, ಆದರೆ ವಿದೇಶಿಯರಿಗೆ ಅದು ಎಲ್ಲ ಸಲ ಕೈಹಿಡಿಯುವುದಿಲ್ಲ, ಚಿಕ್ಕ ಬಂದರಿನ ಎಟಿಎಂ ಖಾಲಿಯಾಗಿರುವುದಂತೂ ಮಾಮೂಲು. 1,000 ಪೆಸೊ ನೋಟನ್ನು ಬೆಳಗಿನ ಮೊದಲ ಜೀಪ್ನಿಯಲ್ಲಿ (ಜೀಪಿನಂಥ ಮೂತಿಯ ಚಿಕ್ಕ ಬಸ್ಸು) ಚಾಚಿದರೆ ಚಾಲಕ ಮುಖ ತಿರುಗಿಸುತ್ತಾನೆ. ‘ಬಾರ್ಯಾ ಲಾಂಗ್ ಪೊ ಸಾ ಉಮಾಗಾ’, ಅಂದರೆ ಬೆಳಗ್ಗೆ ಚಿಲ್ಲರೆ ಮಾತ್ರ ಎಂದು ಬರೆದ ಫಲಕ ಎಷ್ಟೋ ಜೀಪ್ನಿಗಳ ಗಾಜಿನ ಬಳಿ ತೂಗುತ್ತಿರುತ್ತದೆ. 20, 50, 100 ಪೆಸೊಗಳನ್ನು ಬೇರೆ ಕಿಸೆಯಲ್ಲಿ ಇಟ್ಟುಕೊಂಡಿರಿ. ಟಿಕೆಟ್ ಹಣದ ಜೊತೆಗೆ ಬಂದರಿನ ಟರ್ಮಿನಲ್ ಶುಲ್ಕ ಪ್ರತ್ಯೇಕವಾಗಿರುತ್ತದೆ, ಅದನ್ನು ಬೇರೆ ಕಿಟಕಿಯಲ್ಲಿ ಕೊಟ್ಟು ಬೇರೆ ಚೀಟಿ ಪಡೆಯಬೇಕು. ಈ ಎರಡನೆಯ ಚೀಟಿ ಇಲ್ಲದೆ ಗೇಟಿನವರೆಗೆ ಹೋಗಿ ಮತ್ತೆ ಸಾಲಿನ ತುದಿಗೆ ಮರಳುವ ಪ್ರವಾಸಿಗರು ದಿನವೂ ಕಾಣಸಿಗುತ್ತಾರೆ.

ಚೀಲ ಬೆನ್ನಿಗೇರುವಂಥದ್ದೇ ಆಗಿರಲಿ. ವ್ಯಾನಿನಲ್ಲಿ ಸಾಮಾನಿಗೆ ಹಿಂದಿನ ಸೀಟಿನ ಬೆನ್ನಿಗೆ ಒಂದು ಮೊಳದಷ್ಟು ಜಾಗ ಇರುತ್ತದೆ. ಗಾಲಿಯ ದೊಡ್ಡ ಪೆಟ್ಟಿಗೆ ತಂದವರಿಂದ ಒಂದು ಸೀಟಿನ ಹಣ ಹೆಚ್ಚುವರಿ ಕೇಳುತ್ತಾರೆ, ಕೇಳಿದ್ದರಲ್ಲಿ ತಪ್ಪೂ ಇಲ್ಲ. ತೆಳುವಾದ ಶಾಲು ಒಂದಿರಲಿ, ಏಕೆಂದರೆ ಹವಾನಿಯಂತ್ರಿತ ಬಸ್ಸು ಮತ್ತು ಹಡಗಿನ ಒಳಕೋಣೆಗಳನ್ನು ಅವರು ಮೀನು ಕೆಡದಂತೆ ಇಡುವ ಪೆಟ್ಟಿಗೆಯಷ್ಟು ತಣ್ಣಗೆ ಇಟ್ಟಿರುತ್ತಾರೆ. ವಾಂತಿಯ ಕಾಟ ಇರುವವರು ಮೆಕ್ಲಿಜಿನ್ ಮಾತ್ರೆಯನ್ನು ಹಡಗು ಹೊರಡುವ ಸುಮಾರು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ತಲೆ ತಿರುಗತೊಡಗಿದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಅದು ನಿದ್ದೆ ತರಿಸುತ್ತದೆ ಎಂಬುದೂ ಗೊತ್ತಿರಲಿ. ಕುಳಿತುಕೊಳ್ಳಲು ಹಡಗಿನ ನಡುಭಾಗದ ಕೆಳ ಅಂತಸ್ತು ಒಳ್ಳೆಯದು. ಮೂತಿಯ ಕಡೆಯ ಸೀಟಿನಿಂದ ನೋಟ ಚೆನ್ನಾಗಿರುತ್ತದೆ, ಹೊಟ್ಟೆ ಚೆನ್ನಾಗಿರುವುದಿಲ್ಲ.

ಮೊದಲ ದಿನ: ಮನಿಲಾದಿಂದ ರೊಹಾಸ್‌ಗೆ

ಮನಿಲಾದಲ್ಲಿ ಒಂದೇ ಕೇಂದ್ರ ಬಸ್ ನಿಲ್ದಾಣವಿಲ್ಲ. ದಕ್ಷಿಣದ ಕಡೆಯ ಬಸ್ಸುಗಳಿಗೆ ಬ್ವೆಂಡಿಯಾ, ಕುಬಾವ್ ಮತ್ತು 2018ರಲ್ಲಿ ತೆರೆದ ಪರನ್ಯಾಕೆ ಟರ್ಮಿನಲ್‌ಗಳಿವೆ. ನಿಮ್ಮ ವಸತಿಗೆ ಹತ್ತಿರದ್ದನ್ನು ಆರಿಸಿಕೊಳ್ಳಿ. ನಗರದ ವಾಹನದಟ್ಟಣೆಯಲ್ಲಿ ಟರ್ಮಿನಲ್ ಬದಲಾಯಿಸಲು ಹೋದರೆ ಬಟಾಂಗಾಸ್ ತಲುಪುವಷ್ಟು ಹೊತ್ತು ಅಲ್ಲೇ ಹೋಗುತ್ತದೆ. ಬಸ್ಸಿನ ಮುಂದಿನ ಗಾಜಿನ ಮೇಲೆ ‘ಬಟಾಂಗಾಸ್ ಪಿಯರ್’, ಅಂದರೆ ಬಟಾಂಗಾಸ್ ಬಂದರಿನ ಧಕ್ಕೆ, ಎಂದು ಇದೆಯೇ ನೋಡಿ. ಬಟಾಂಗಾಸ್ ಎಂದಷ್ಟೇ ಇದ್ದರೆ ಅದು ಊರಿನ ನಿಲ್ದಾಣಕ್ಕೆ ಮಾತ್ರ ಹೋಗಬಹುದು. ಬೆಳಗಿನ ಐದಕ್ಕೆ ಹೊರಟರೆ ಎರಡರಿಂದ ಮೂರು ಗಂಟೆಯಲ್ಲಿ ಬಂದರಿನ ಬಾಗಿಲಲ್ಲಿ ಇಳಿಯುತ್ತೀರಿ.

ಇಳಿದ ಕೂಡಲೇ ಬಣ್ಣದ ಅಂಗಿ ತೊಟ್ಟ ಕೆಲವರು ಚೀಲಕ್ಕೆ ಕೈಹಾಕಿ, ಕಲಪಾನ್‌ಗೋ (ಮಿಂಡೊರೊ ದಡದ ಬಂದರು), ಈಗಲೇ ಹಡಗು, ಬನ್ನಿ ಎಂದು ಅವಸರಪಡಿಸುತ್ತಾರೆ. ಅವರಲ್ಲಿ ಕೂಲಿಗಳೂ ಇದ್ದಾರೆ, ಟಿಕೆಟ್ ಕೊಡಿಸಿ ಮೇಲೆ ಒಂದಿಷ್ಟು ಸೇರಿಸಿಕೊಳ್ಳುವವರೂ ಇದ್ದಾರೆ. ನಗುತ್ತಲೇ ಬೇಡವೆಂದು ಹೇಳಿ ನೇರವಾಗಿ ಟರ್ಮಿನಲ್ ಕಟ್ಟಡದೊಳಗೆ ಹೋಗಿ. ಅಲ್ಲಿ ಬೇರೆ ಬೇರೆ ಕಂಪನಿಗಳ ಕಿಟಕಿಗಳು ಸಾಲಾಗಿರುತ್ತವೆ, ಹೊರಡುವ ಸಮಯದ ಹಲಗೆ ಪ್ರತಿ ಕಿಟಕಿಯ ಮೇಲಿರುತ್ತದೆ. ಕಲಪಾನ್‌ಗೆ ಎರಡು ಬಗೆಯ ಹಡಗುಗಳಿವೆ: ವೇಗದ ಚಿಕ್ಕ ಹಡಗು ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು, ರೋರೋ ಎರಡರಿಂದ ಎರಡೂವರೆ ಗಂಟೆ. ಸಮುದ್ರ ಕದಡಿದ ದಿನ ವೇಗದ ಹಡಗು ಮೊದಲು ರದ್ದಾಗುತ್ತದೆ, ಮೈ ಕುಲುಕಿಸುವುದೂ ಅದೇ ಹೆಚ್ಚು. ನಾನಂತೂ ರೋರೋ ಹತ್ತಿ, ತೆರೆದ ಅಂತಸ್ತಿನಲ್ಲಿ ಕುಳಿತು, ಬಿಸಿ ನೀರು ಹಾಕಿಸಿಕೊಂಡ ನೂಡಲ್ಸ್ ಲೋಟ ಹಿಡಿದು ಹೋಗುವುದನ್ನೇ ಇಷ್ಟಪಡುತ್ತೇನೆ. ಈ ಮಾರ್ಗದಲ್ಲಿ ಹಗಲೂ ರಾತ್ರಿಯೂ ಹಡಗುಗಳಿರುವುದರಿಂದ ಬಂದರಿನಲ್ಲಿ ತಂಗುವ ನಿಯಮವನ್ನು ಇಲ್ಲಿ ಸಡಿಲಿಸಬಹುದು.

ರೋರೋಗೆ ವಾಹನ ಏರುವುದನ್ನು ಒಮ್ಮೆ ಕಟಕಟೆಗೆ ಒರಗಿ ನೋಡಬೇಕು. ಸರಪಳಿ ಕಿರುಗುಟ್ಟುತ್ತ ಕಬ್ಬಿಣದ ಹಲಗೆ ಧಕ್ಕೆಯ ಮೇಲೆ ಮಲಗುತ್ತದೆ, ಲಾರಿಗಳು ಎಷ್ಟೋ ಸಲ ಹಿಮ್ಮುಖವಾಗಿ ಹತ್ತುತ್ತವೆ, ಇಳಿಯುವಾಗ ನೇರ ಓಡಬೇಕಲ್ಲ. ಸೀಟಿ ಊದುವ ನಾವಿಕನೊಬ್ಬ ಎರಡು ಲಾರಿಗಳ ನಡುವೆ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಸಂದು ಬಿಡಿಸಿ ನಿಲ್ಲಿಸುತ್ತಾನೆ, ಇನ್ನೊಬ್ಬ ಚಕ್ರಕ್ಕೆ ಮರದ ಬೆಣೆ ಒದೆಯುತ್ತಾನೆ. ನೇರ ಬಸ್ಸಿನಲ್ಲಿ ಬಂದವರೂ ಇಲ್ಲಿ ಬಸ್ಸಿಂದ ಇಳಿದು, ನಡೆದುಕೊಂಡೇ ಹಡಗು ಹತ್ತಿ, ಮೇಲಿನ ಅಂತಸ್ತಿಗೆ ಹೋಗಬೇಕು. ಹಾಗೆ ಇಳಿಯುವ ಮುನ್ನ ಬಸ್ಸಿನ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಒಂದೇ ಕಂಪನಿಯ ಒಂದೇ ಬಣ್ಣದ ನಾಲ್ಕು ಬಸ್ಸುಗಳು ಕತ್ತಲೆಯ ಕೆಳ ಅಂತಸ್ತಿನಲ್ಲಿ ಒಟ್ಟಿಗೆ ಎಂಜಿನ್ ಚಾಲೂ ಮಾಡಿದಾಗ ನಮ್ಮದು ಯಾವುದೆಂದು ತಿಳಿಯದೆ ಓಡಾಡುವುದು ಹಾಸ್ಯವಲ್ಲ. ಹಣ, ಪಾಸ್‌ಪೋರ್ಟ್, ಔಷಧಗಳಿರುವ ಚಿಕ್ಕ ಚೀಲ ಯಾವಾಗಲೂ ಮೈಮೇಲೆ ಇರಲಿ. ಹಡಗು ಹೊರಟ ಮೇಲೆ ಕೆಳಗಿಳಿದು ಬಸ್ಸಿನೊಳಗಿಂದ ತರಲು ಬಿಡುವುದಿಲ್ಲ.

ಕಲಪಾನ್ ಬಂದರಿನ ಹೊರಗೆ ರೊಹಾಸ್‌ಗೆ ಹೋಗುವ ವ್ಯಾನುಗಳು ಸಾಲುಗಟ್ಟಿರುತ್ತವೆ. ವ್ಯಾನಿಗೆ ವೇಳಾಪಟ್ಟಿ ಇಲ್ಲ, ತುಂಬಿದಾಗ ಹೊರಡುತ್ತದೆ, ಮತ್ತು ತುಂಬುವುದು ಎಂದರೆ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಎಂದರ್ಥ. ‘ಈಗಲೇ ಹೊರಡುತ್ತದೆ’ ಎಂಬ ಮಾತನ್ನು ನಂಬುವ ಮೊದಲು ಒಳಗೆ ಎಷ್ಟು ತಲೆಗಳಿವೆ ಎಂದು ಎಣಿಸಿ. ನನ್ನ ಮೊದಲ ಪ್ರವಾಸದಲ್ಲಿ ಆ ಮಾತು ನಂಬಿ, ಇಬ್ಬರೇ ಕುಳಿತಿದ್ದ ವ್ಯಾನು ಹತ್ತಿ, ಒಂದೂವರೆ ಗಂಟೆ ಬಿಸಿಲಲ್ಲಿ ಬೆಂದು, ರೊಹಾಸ್ ತಲುಪುವ ಹೊತ್ತಿಗೆ ಹಡಗಿನ ಹಲಗೆ ಮೇಲೇಳುತ್ತಿರುವುದನ್ನು ಗೇಟಿನ ಈಚೆಯಿಂದ ನೋಡಿದೆ. ಮುಕ್ಕಾಲು ತುಂಬಿದ ವ್ಯಾನನ್ನೇ ಆರಿಸಿ, ಕಡೆಯ ಸಾಲನ್ನು ಸಾಧ್ಯವಾದರೆ ತಪ್ಪಿಸಿ. ನಾಊಹಾನ್, ಪಿನಮಲಾಯನ್, ಬೊಂಗಾಬೊಂಗ್ ಊರುಗಳ ಮೂಲಕ ಸುಮಾರು ಮೂರು ಗಂಟೆಯ ದಾರಿ ಇದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ರೊಹಾಸ್ ಎಂಬ ಹೆಸರಿನ ಊರು ಮಿಂಡೊರೊದಲ್ಲೂ ಇದೆ, ಪನಾಯ್‌ನಲ್ಲೂ ಇದೆ, ಪಲಾವನ್‌ನಲ್ಲೂ ಇದೆ. ಲಿಲೋವಾನ್ ಸೆಬುವಿನ ಉತ್ತರಕ್ಕೂ ಉಂಟು, ದಕ್ಷಿಣ ತುದಿಯ ಬಂದರಿಗೂ ಅದೇ ಹೆಸರು, ಲೇಟೆಯ ದಕ್ಷಿಣದಲ್ಲಿ ಮತ್ತೊಂದು. ಬಾಟೊ ಸೆಬುವಿನಲ್ಲೂ ಲೇಟೆಯಲ್ಲೂ ಇದೆ. ಆದ್ದರಿಂದ ಟಿಕೆಟ್ ಕೇಳುವಾಗ, ನಕ್ಷೆಯಲ್ಲಿ ಹುಡುಕುವಾಗ, ಊರಿನ ಜೊತೆಗೆ ಪ್ರಾಂತ್ಯದ ಹೆಸರನ್ನೋ ಬಂದರಿನ ಹೆಸರನ್ನೋ ಸೇರಿಸಿ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಮಿಂಡೊರೊದ ರೊಹಾಸ್ ಬಂದರಿಗೆ ದಾಂಗಾಯ್ ಎಂದು ಹೆಸರು. ವ್ಯಾನಿನವನಿಗೆ ‘ದಾಂಗಾಯ್ ಪಿಯರ್’ ಎಂದರೆ ಗೊಂದಲವಿಲ್ಲ. ಅಲ್ಲೇ ರಾತ್ರಿ ತಂಗಿ, ಮಲಗುವ ಮುನ್ನ ಕಿಟಕಿಗೆ ಹೋಗಿ ಮರುದಿನದ ಸಮಯ ಕೇಳಿಕೊಂಡು ಬನ್ನಿ. ಹಳೆಯ ವೇಳಾಪಟ್ಟಿಗಳು ಎಲ್ಲೆಲ್ಲೋ ಉಳಿದುಕೊಂಡಿರುತ್ತವೆ, ಕಿಟಕಿಯೊಳಗಿನ ಹೆಂಗಸಿನ ಮಾತೇ ಕೊನೆಯ ಮಾತು.

ಗಾಳಿ, ಅಲೆ ಮತ್ತು ನಿಂತ ಹಡಗು

ನವೆಂಬರ್‌ ಸುಮಾರಿನಿಂದ ಬೀಸುವ ಈಶಾನ್ಯದ ಗಾಳಿಗೆ ಅಲ್ಲಿ ಅಮಿಹಾನ್ ಎನ್ನುತ್ತಾರೆ, ಜೂನ್‌ನಿಂದ ಅಕ್ಟೋಬರ್‌ವರೆಗಿನ ನೈಋತ್ಯದ ಮಳೆಗಾಳಿಗೆ ಹಬಗಾತ್ ಎನ್ನುತ್ತಾರೆ. ಚಂಡಮಾರುತಗಳು ವರ್ಷದ ಯಾವ ತಿಂಗಳಲ್ಲೂ ಬರಬಹುದಾದರೂ ಅವುಗಳ ಕಾಲ ಮುಖ್ಯವಾಗಿ ಜೂನ್‌ನಿಂದ ನವೆಂಬರ್. ಈ ದಾರಿಗೆ ಫೆಬ್ರವರಿಯ ಕೊನೆಯಿಂದ ಮೇವರೆಗಿನ ಅವಧಿ ಎಲ್ಲಕ್ಕಿಂತ ನೆಮ್ಮದಿಯದು, ಆದರೆ ಪವಿತ್ರ ವಾರದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ವಾರದಲ್ಲಿ, ಇಡೀ ದೇಶವೇ ಊರಿಗೆ ಹೊರಡುತ್ತದೆ ಮತ್ತು ಗುಡ್ ಫ್ರೈಡೇ ದಿನ ಹಲವು ಬಸ್ಸುಗಳು ಓಡುವುದಿಲ್ಲ. ನವೆಂಬರ್ 1ರ ಸುತ್ತಮುತ್ತ ಮತ್ತು ಕ್ರಿಸ್‌ಮಸ್‌ಗೂ ಹೀಗೆಯೇ.

ಹವಾಮಾನ ಸಂಸ್ಥೆಯ ಹೆಸರು ಪಗಾಸಾ. ಅದು ಹೊರಡಿಸುವ ಚಂಡಮಾರುತ ಗಾಳಿ ಸಂಕೇತಗಳು 1ರಿಂದ 5ರವರೆಗೆ ಇವೆ. ಸಂಕೇತ 1 ಎಂದರೆ 36 ಗಂಟೆಗಳೊಳಗೆ ಗಂಟೆಗೆ 39ರಿಂದ 61 ಕಿಲೋಮೀಟರ್ ವೇಗದ ಗಾಳಿ ನಿರೀಕ್ಷಿತ ಎಂದರ್ಥ. ಕೇಳಲು ಸಣ್ಣದೆನಿಸಿದರೂ ಪ್ರಯಾಣಿಕರಿಗೆ ಅದೇ ನಿರ್ಣಾಯಕ, ಏಕೆಂದರೆ ಸಂಕೇತ ಜಾರಿಯಲ್ಲಿರುವ ಕಡೆಯಿಂದ ಕೋಸ್ಟ್ ಗಾರ್ಡ್ ಪ್ರಯಾಣಿಕ ಹಡಗುಗಳನ್ನು ಸಾಮಾನ್ಯವಾಗಿ ಬಿಡುವುದೇ ಇಲ್ಲ. 2008ರ ಜೂನ್‌ನಲ್ಲಿ ಫೆಂಗ್‌ಶೆನ್ ಚಂಡಮಾರುತಕ್ಕೆ ಸಿಕ್ಕಿ ಪ್ರಿನ್ಸೆಸ್ ಆಫ್ ದ ಸ್ಟಾರ್ಸ್ ಎಂಬ ದೊಡ್ಡ ಹಡಗು ಸಿಬುಯಾನ್ ದ್ವೀಪದ ಬಳಿ ಮಗುಚಿ 800ಕ್ಕೂ ಹೆಚ್ಚು ಜನ ಸತ್ತ ಮೇಲೆ ದೊಡ್ಡ ಹಡಗುಗಳಿಗೂ ನಿಯಮ ಬಿಗಿಯಾಯಿತು. ಆಕಾಶ ನಿಮ್ಮ ತಲೆಯ ಮೇಲೆ ನೀಲಿಯಾಗಿಯೇ ಇರಬಹುದು. ಹಡಗಿನ ದಾರಿಯ ಆ ತುದಿಯಲ್ಲಿ ಸಂಕೇತ ಎದ್ದಿದ್ದರೆ ಕಿಟಕಿ ಮುಚ್ಚಿರುತ್ತದೆ. ಚಂಡಮಾರುತವಿಲ್ಲದೆಯೂ ಬಿರುಗಾಳಿ ಎಚ್ಚರಿಕೆ ಹೊರಟು ಚಿಕ್ಕ ಹಡಗುಗಳು ನಿಲ್ಲುವುದುಂಟು.

ಹಾಗೆ ನಿಂತಾಗ ಏನು ಮಾಡಬೇಕು? ಮೊದಲು, ಬಂದರಿನಿಂದ ದೂರ ಹೋಗದೆ ಹತ್ತಿರದಲ್ಲೇ ಕೋಣೆ ಹಿಡಿಯಿರಿ, ಏಕೆಂದರೆ ಒಂದು ತಾಸಿನೊಳಗೆ ಕೋಣೆಗಳೆಲ್ಲ ತುಂಬುತ್ತವೆ. ಟಿಕೆಟ್ ಆಗಲೇ ಕೊಂಡಿದ್ದರೆ ಹಿಂದಿರುಗಿಸದೆ ಅದರ ಹಿಂಬದಿಗೆ ಮುಂದಿನ ಹಡಗಿಗೆ ಮಾನ್ಯ ಎಂದು ಬರೆಸಿಕೊಳ್ಳಿ, ಆಗ ಸಂಕೇತ ಇಳಿದ ಕೂಡಲೇ ಮುನ್ನುಗ್ಗುವ ಸಾಲಿನಲ್ಲಿ ನಿಮಗೊಂದು ಸ್ಥಾನ ಇರುತ್ತದೆ. ಲಾರಿ ಚಾಲಕರ ಜೊತೆ ಮಾತಾಡಿ. ಕೋಸ್ಟ್ ಗಾರ್ಡ್ ಯಾವಾಗ ಬಿಡುತ್ತದೆಂಬ ಸುಳಿವು ಅವರಿಗೆ ಎಲ್ಲರಿಗಿಂತ ಮೊದಲು ಸಿಗುತ್ತದೆ. ಮೀನುಗಾರರ ಬಿದಿರು ರೆಕ್ಕೆಯ ದೋಣಿಯಲ್ಲಿ ಕದ್ದು ದಾಟಿಸುತ್ತೇನೆಂದು ಯಾರಾದರೂ ಬಂದರೆ ಒಪ್ಪಬಾರದು. 2019ರ ಆಗಸ್ಟ್ 3ರಂದು ಪನಾಯ್‌ನ ಇಲೊಯಿಲೊ ನಗರ ಮತ್ತು ಗಿಮರಾಸ್ ದ್ವೀಪದ ನಡುವಿನ ಕಿರು ಜಲಸಂಧಿಯಲ್ಲಿ ಹಠಾತ್ ಗಾಳಿಗೆ ಒಂದೇ ದಿನ ಮೂರು ದೋಣಿಗಳು ಮಗುಚಿ 31 ಜನ ಸತ್ತರು, ಅವು ದಿನವೂ ಓಡುವ ದೋಣಿಗಳೇ ಆಗಿದ್ದವು. ಚಿಕ್ಕ ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ತೊಡೆಯ ಮೇಲಿಟ್ಟುಕೊಳ್ಳದೆ ಮೈಗೆ ಹಾಕಿ ಪಟ್ಟಿ ಬಿಗಿದುಕೊಳ್ಳಿ.

ಎರಡರಿಂದ ಐದನೆಯ ದಿನ: ಪನಾಯ್ ಮತ್ತು ನೆಗ್ರೋಸ್

ದಾಂಗಾಯ್‌ನಿಂದ ಪನಾಯ್‌ನ ಕಾಟಿಕ್ಲಾನ್‌ಗೆ ಸುಮಾರು ನಾಲ್ಕು ಗಂಟೆ. ಇದು ಸರಣಿಯ ಅತಿ ದೊಡ್ಡ ದಾಟುವಿಕೆ, ಅಮಿಹಾನ್ ಕಾಲದಲ್ಲಿ ಅಲೆಯೂ ಜೋರು. ಕಾಟಿಕ್ಲಾನ್‌ನಲ್ಲಿ ಇಳಿಯುವವರಲ್ಲಿ ಬಹಳಷ್ಟು ಜನ ಎದುರಿನ ಬೊರಾಕಾಯ್ ದ್ವೀಪಕ್ಕೆ ತಿರುಗುತ್ತಾರೆ. ಆ ದೋಣಿಗೆ ಪರಿಸರ ಶುಲ್ಕ, ಟರ್ಮಿನಲ್ ಶುಲ್ಕ ಎಲ್ಲ ಬೇರೆ. ಮುಂದಕ್ಕೆ ಹೋಗುವವರು ಆ ಸಾಲಿಗೆ ಸೇರುವ ಅಗತ್ಯವಿಲ್ಲ.

ಕಾಟಿಕ್ಲಾನ್‌ನಿಂದ ಇಲೊಯಿಲೊಗೆ ಹಳದಿ ಬಣ್ಣದ ಸೆರೆಸ್ ಬಸ್ಸುಗಳು ಓಡುತ್ತವೆ, ಐದಾರು ಗಂಟೆ ಹಿಡಿಯುತ್ತದೆ. ಕಾಲಿಬೊ ಮೂಲಕ ಹೋಗುವುದು ನೇರ ದಾರಿ. ಕುಲಾಸಿ ಕಡೆಯ ಆಂಟಿಕೆ ಕರಾವಳಿಯ ದಾರಿ ಹೆಚ್ಚು ಉದ್ದವಾದರೂ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು ಬಿಡದೆ ಬರುತ್ತವೆ. ಸಮಯವಿದ್ದರೆ ಅದೇ ಆರಿಸಿ, ಬಲಗಡೆ ಕಿಟಕಿ ಹಿಡಿಯಿರಿ. ಬಸ್ಸು ಹೊರಟ ಮೇಲೆ ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿ ಟಿಕೆಟ್ ಕೊಡುತ್ತಾನೆ, ಹಣವನ್ನು ಸ್ವಲ್ಪ ಹೊತ್ತಿನ ಮೇಲೆ ಕೇಳುವುದೂ ಉಂಟು. ಆ ತುಂಡು ಕಾಗದವನ್ನು ಎಸೆಯಬೇಡಿ. ನಡುದಾರಿಯಲ್ಲಿ ತಪಾಸಣಾಧಿಕಾರಿ ಹತ್ತಿ ಒಬ್ಬೊಬ್ಬರದೂ ನೋಡುತ್ತಾನೆ. ಇಳಿಯಬೇಕಾದಾಗ ‘ಪಾರಾ ಪೊ’ ಎಂದರೆ ಬಸ್ಸೂ ಜೀಪ್ನಿಯೂ ನಿಲ್ಲುತ್ತವೆ. ಕಾಲಿಬೊ ಕಡೆಯಿಂದ ಬಂದ ಬಸ್ಸು ಇಲೊಯಿಲೊದ ಹೊರವಲಯದ ಟಾಗ್ಬಾಕ್ ಟರ್ಮಿನಲ್‌ನಲ್ಲಿ ಬಿಡುತ್ತದೆ, ಅಲ್ಲಿಂದ ಊರೊಳಗೆ ಜೀಪ್ನಿಯಲ್ಲಿ ಬರಬೇಕು. ರಾತ್ರಿ ಇಲೊಯಿಲೊದಲ್ಲಿ.

ಇಲೊಯಿಲೊದಿಂದ ನೆಗ್ರೋಸ್‌ನ ಬಾಕೊಲೋಡ್‌ಗೆ ವೇಗದ ಹಡಗುಗಳು ಹಗಲಿಡೀ ಇವೆ, ಒಂದರಿಂದ ಒಂದೂವರೆ ಗಂಟೆಯ ಮಾತು. ಬಾಕೊಲೋಡ್‌ನಲ್ಲಿ ಒಂದು ರಾತ್ರಿ ಉಳಿದು ಮರುದಿನ ಹೊರಡುವುದು ಒಳ್ಳೆಯದು, ಅಷ್ಟು ಹೊತ್ತಿಗೆ ಸೊಂಟ ವಿಶ್ರಾಂತಿ ಬೇಡುತ್ತಿರುತ್ತದೆ. ಅಲ್ಲಿ ದಕ್ಷಿಣ ಮತ್ತು ಉತ್ತರ ಎಂಬ ಎರಡು ಬಸ್ ಟರ್ಮಿನಲ್‌ಗಳಿವೆ. ಕಬಂಕಲಾನ್, ಮಬಿನಾಯ್ ಮೂಲಕ ಬೆಟ್ಟ ದಾಟಿ ದುಮಗೆಟೆಗೆ ಹೋಗುವ ಬಸ್ಸು ದಕ್ಷಿಣದ್ದರಲ್ಲಿ ಸಿಗುತ್ತದೆ, ಐದಾರು ಗಂಟೆ. ಉತ್ತರದ್ದರಿಂದ ಹೊರಟು ಸ್ಯಾನ್ ಕಾರ್ಲೊಸ್ ಸುತ್ತಿ ಬರುವ ಬಸ್ಸಿನ ಮೇಲೂ ದುಮಗೆಟೆ ಎಂದೇ ಬರೆದಿರುತ್ತದೆ, ಅದು ಬಹಳ ದೂರದ ಸುತ್ತು. ಬೇಗ ಸೆಬು ನಗರ ಮುಟ್ಟಬೇಕೆನ್ನುವವರಿಗೆ ಮಾತ್ರ ಸ್ಯಾನ್ ಕಾರ್ಲೊಸ್ ಉಪಯೋಗಕ್ಕೆ ಬರುತ್ತದೆ, ಅಲ್ಲಿಂದ ಎದುರಿನ ಟೊಲೆಡೊಗೆ ಹಡಗು ಇದೆ.

ಆರನೆಯ ದಿನ: ಕೊನೆಯ ದಾಟುವಿಕೆ

ದುಮಗೆಟೆಯಿಂದ ಸೆಬುವಿಗೆ ದಾಟಲು ಊರಿನ ಮುಖ್ಯ ಬಂದರಿಗೆ ಹೋಗಬೇಡಿ. ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಸಿಬುಲಾನ್‌ನಿಂದ ಸಾಂತಾಂದೆರ್‌ನ ಲಿಲೋವಾನ್‌ಗೆ ಚಿಕ್ಕ ಹಡಗುಗಳು ಅರ್ಧ ಗಂಟೆಯಲ್ಲಿ ತಲುಪಿಸುತ್ತವೆ. ಇನ್ನೂ ಉತ್ತರದ ಟಾಂಪಿಯಿಂದ ಬಾಟೊಗೆ ರೋರೋ ಇದೆ, ಬಸ್ಸುಗಳೂ ಅದರಲ್ಲೇ ದಾಟುತ್ತವೆ. ತಾನ್ಯೋನ್ ಜಲಸಂಧಿ ಇಲ್ಲಿ ಎಷ್ಟು ಕಿರಿದೆಂದರೆ ಹತ್ತುವಾಗಲೇ ಇಳಿಯುವ ದಡದ ಮನೆಗಳ ತಗಡು ಹೊಳೆಯುವುದು ಕಾಣುತ್ತದೆ. ಆದರೂ ಈ ನೀರಿನಲ್ಲಿ ಸೆಳವು ಬಲವಾಗಿದೆ, ಹಡಗು ನೇರ ಹೋಗದೆ ಓರೆಯಾಗಿ ಸಾಗುವುದನ್ನು ಗಮನಿಸಿದರೆ ತಿಳಿಯುತ್ತದೆ.

ಲಿಲೋವಾನ್‌ನ ಧಕ್ಕೆಯಿಂದ ಮೇಲಕ್ಕೆ ಹತ್ತಿದರೆ ರಸ್ತೆ, ರಸ್ತೆಯಲ್ಲಿ ಸೆಬು ಕಡೆಯ ಹಳದಿ ಬಸ್ಸು. ಬಸ್ಸಿನ ಗಾಜಿನ ಮೇಲೆ ‘ಓಸ್ಲೋಬ್ ಮೂಲಕ’ ಎಂದಿದ್ದರೆ ಪೂರ್ವ ಕರಾವಳಿಯ ದಾರಿ, ಇಲ್ಲಿಂದ ಅದೇ ಹತ್ತಿರ. ‘ಬರಿಲಿ ಮೂಲಕ’ ಎಂದಿದ್ದರೆ ಮೊಆಲ್ಬೊಆಲ್ ಊರು ಇರುವ ಪಶ್ಚಿಮ ಕರಾವಳಿಯ ದಾರಿ, ಅದಕ್ಕೆ ಬಾಟೊದಲ್ಲಿ ಹತ್ತುವುದು ಸುಲಭ. ಎರಡೂ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಸೆಬು ನಗರದ ದಕ್ಷಿಣ ಬಸ್ ಟರ್ಮಿನಲ್ ಮುಟ್ಟಬೇಕು, ಆದರೆ ನಗರಕ್ಕೆ ಮುಂಚೆ ಸಿಗುವ ಕಾರ್ಕಾರ್ ದಾಟಿದ ಮೇಲೆ ಸಂಜೆಯ ವಾಹನದಟ್ಟಣೆಗೆ ಸಿಕ್ಕರೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಅಂದೇ ರಾತ್ರಿ ಸೆಬುವಿನಿಂದ ಬೊಹೊಲ್‌ಗೋ ಲೇಟೆಯ ಒರ್ಮೊಕ್‌ಗೋ ಹಡಗು ಹಿಡಿಯುವ ಆಲೋಚನೆ ಇದ್ದವರು ಟಿಕೆಟ್ಟಿನ ಮೇಲೆ ಪಿಯರ್ ಸಂಖ್ಯೆಯನ್ನು ಮೊದಲು ನೋಡಬೇಕು. ಸೆಬು ಬಂದರಿನ ಧಕ್ಕೆಗಳು ಸಂಖ್ಯೆಗಳಿಂದಲೇ ಗುರುತು, ಒಂದರಿಂದ ಇನ್ನೊಂದಕ್ಕೆ ಚೀಲ ಹೊತ್ತು ಓಡುವಷ್ಟು ಅವು ಹತ್ತಿರದಲ್ಲಿಲ್ಲ, ಟ್ಯಾಕ್ಸಿಯವನಿಗೆ ಬರಿಯ ‘ಪಿಯರ್’ ಎಂದರೆ ಅವನು ಮೊದಲು ಕೇಳುವ ಪ್ರಶ್ನೆಯೇ ಎಷ್ಟನೆಯದು ಎಂದು.